ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುನ್ನ

ಭತ್ತ ನಾಟಿಯ ದಿನಗಳಲ್ಲಿ ಸಿರುಗುಪ್ಪ ತಾಲ್ಲೂಕಿನ ದೇಶನೂರಿನಂಥ ಊರಿಗೆ ಹಗಲು ಹೊತ್ತು ಹೋದರೆ ಮಾತಿಗೆ ಸಿಗುವವರು ಹೆಚ್ಚಾಗಿ ಮುದುಕಿಯರೇ. ಫೈಲು ಹಿಡಿದು ಕಟ್ಟೆಯ ಮೇಲೆ ಕೂತರೆ ಸಾಕು, ಮೊದಲ ಪ್ರಶ್ನೆ ಅವರದು: ‘ಬರ್ಕಂಡು ಹೋದ್ರೆ ನಮಗೇನನ ಬರ್ತೈತೇನವ್ವಾ?’ ಸಂಶೋಧನೆ, ಪಿಎಚ್‌.ಡಿ. ಎಂದು ಎಷ್ಟೇ ಬಿಡಿಸಿ ಹೇಳಿದರೂ ಅವರ ಕಿವಿಗೆ ಬೀಳುವುದು ‘ಸರ್ವೆ’. ಸರ್ವೆ ಎಂದರೆ ಪಿಂಚಣಿ, ಮನೆ, ಸಾಲ. ಆ ಆಸೆಯಿಂದ ಒತ್ತಿದ ಹೆಬ್ಬೆಟ್ಟನ್ನು ‘ಒಪ್ಪಿಗೆ’ ಅನ್ನಲು ನನಗಂತೂ ನಾಲಿಗೆ ಬರುವುದಿಲ್ಲ.

ಈ ಸೀಮೆಯ ಹೆಣ್ಣುಮಕ್ಕಳ ಬದುಕು ಬರೆದುಕೊಂಡು ಹೋಗುವವರು ಇಂದು ನಿನ್ನೆ ಹುಟ್ಟಿದವರಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 19ನೇ ಶತಮಾನದ ಕೊನೆಗೆ, ಫ್ರೆಡ್ ಫಾಸೆಟ್ ಇಲ್ಲಿ ದೇವರಿಗೆ ಬಿಟ್ಟ ಬಸವಿಯರ ಮೇಲೆ ಲೇಖನ ಬರೆದು ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ದೇವರಿಗೆ ಬಿಟ್ಟ ಮಗಳಿಗೆ ಗಂಡುಮಗನ ಹಕ್ಕು ಸಿಗುತ್ತದೆ ಎಂಬುದು ಅವನಿಗೆ ಸೋಜಿಗ. ಲೇಖನ ಇವತ್ತಿಗೂ ಕೆಲಸಕ್ಕೆ ಬರುತ್ತದೆ, ಸುಳ್ಳಲ್ಲ. ಆದರೆ ಫಾಸೆಟ್ ಪೊಲೀಸ್ ಅಧಿಕಾರಿ. ಪೊಲೀಸ್ ದೊರೆ ಕೇಳಿದಾಗ ‘ಹೇಳಂಗಿಲ್ಲ, ಹೋಗಪ್ಪಾ’ ಎನ್ನುವ ಧೈರ್ಯ ಯಾವ ಬಸವಿಗೆ ಇದ್ದೀತು?

ಕೇಳುವ ಮುನ್ನ ಒಪ್ಪಿಗೆ ಪಡೆಯಬೇಕೆಂಬ ಕಟ್ಟಳೆ ಬಂದದ್ದು ಆಸ್ಪತ್ರೆಯ ದಾರಿಯಿಂದ. ಅಮೆರಿಕದ ಟಸ್ಕೆಗಿಯಲ್ಲಿ 1932ರಿಂದ 1972ರವರೆಗೆ ಬಡ ಕಪ್ಪು ಗಂಡಸರ ಸಿಫಿಲಿಸ್‌ಗೆ ಮದ್ದು ಕೊಡದೆ ರೋಗ ಬೆಳೆಯುವುದನ್ನು ನೋಡುತ್ತ ಕೂತಿದ್ದರು. ಆ ಹಗರಣದ ಬೆನ್ನಿಗೆ 1979ರಲ್ಲಿ ಸಂಶೋಧನೆಯ ನೀತಿ ಕುರಿತ ಬೆಲ್ಮಾಂಟ್ ವರದಿ ಬಂತು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1980ರಲ್ಲಿ ಮೊದಲ ನೀತಿ ಹೇಳಿಕೆ ತಂದಿತು. ಅದರ 2017ರ ಮಾರ್ಗಸೂಚಿಯ ಪ್ರಕಾರ, ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಓದು ಬಲ್ಲ, ಪಕ್ಷಪಾತವಿಲ್ಲದ ಸಾಕ್ಷಿ ಪಕ್ಕದಲ್ಲಿರಬೇಕು. ಕಾಗದದ ಮೇಲೆ ಚೆನ್ನಾಗಿದೆ. ಊರಲ್ಲಿ ಆ ಸಾಕ್ಷಿ ಪಂಚಾಯಿತಿಯ ಗಂಡಸೇ ಆಗಿಬಿಟ್ಟರೆ, ಅವನೆದುರು ಯಾವ ಹೆಂಗಸು ತನಗೆ ಮುತ್ತು ಕಟ್ಟಿಸಿ ದೇವರಿಗೆ ಬಿಟ್ಟದ್ದು ಯಾರೆಂದು ಹೇಳಿಯಾಳು?

ಹೇಳಿದರೂ ತೊಡಕು ತಪ್ಪಿದ್ದಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆಯಲ್ಲಿ ಮಗಳನ್ನು ದೇವರಿಗೆ ಬಿಟ್ಟ ತಂದೆತಾಯಿಗೆ ಐದು ವರ್ಷದವರೆಗೆ ಜೈಲು ಇಟ್ಟರು. ಅಜ್ಜಿಯೊಬ್ಬಳು ಮಾತಿನ ನಡುವೆ ಮೊಮ್ಮಗಳ ಸುದ್ದಿ ತೆಗೆದು, ‘ಯಾರ ಮುಂದೂ ಅನಬ್ಯಾಡವ್ವಾ’ ಎಂದಳು ಅನ್ನಿ. ಗುಟ್ಟು ಕಾಯುತ್ತೇವೆಂದು ಒಪ್ಪಿಗೆಯ ಫಾರಂನಲ್ಲಿ ಬರೆದಾಗಿದೆ. ಆದರೆ ಅಪ್ರಾಪ್ತ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ. ತಿಳಿಸಿದರೆ ಮಗು ಉಳಿದೀತು. ಆ ಓಣಿಯಲ್ಲಿ ಮುಂದೆ ಯಾರೂ ಬಾಯಿ ಬಿಡಲಿಕ್ಕಿಲ್ಲ. ನನ್ನ ಮಟ್ಟಿಗೆ ಮಗುವೇ ಮೊದಲು. ಆದರೆ ಹೀಗೊಂದು ಕಾನೂನಿದೆ ಎಂಬುದನ್ನು ರೆಕಾರ್ಡರ್ ಒತ್ತುವ ಮುನ್ನವೇ ಅಜ್ಜಿಗೆ ತಿಳಿಯುವ ಮಾತಲ್ಲಿ ಹೇಳಿರಬೇಕು.

ಇನ್ನು ಹೆಸರಿನ ವಿಚಾರ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಬಳಿಯ ಕೊಡಗಹಳ್ಳಿಯನ್ನು ‘ರಾಂಪುರ’ ಎಂದು ಮರೆಸಿ ಬರೆದರು. ಆಮೇಲೆ ಊರು ಯಾವುದೆಂದು ಎಲ್ಲರಿಗೂ ಗೊತ್ತಾಯಿತು. ಮರೆಸುವುದೇ ರಕ್ಷಣೆ ಎಂಬ ರೂಢಿ ನಮ್ಮ ಕಡೆ ತಲೆಕೆಳಗಾಗುತ್ತದೆ. ರಾಜ್ಯದ ಸಮೀಕ್ಷೆಗಳಲ್ಲಿ ಸಿಕ್ಕ ದೇವದಾಸಿಯರು 1993–94ರಲ್ಲಿ 22,873, 2007–08ರಲ್ಲಿ 23,787. ಆ ಪಟ್ಟಿಯೇ ಸವಲತ್ತಿಗೆ ಆಧಾರ. ಮಾನಕ್ಕಂಜಿ ಹೆಸರು ಬರೆಸದೆ ಹೋದವಳಿಗೆ ಪಿಂಚಣಿಯೂ ಇಲ್ಲ.

ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ, ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿಯವರು ಹೆಸರು ಮರೆಸಿಕೊಳ್ಳಲೇ ಇಲ್ಲ. ಅವರು ಹೇಳಿದ ಬದುಕನ್ನು ಅರುಣ್ ಜೋಳದಕೂಡ್ಲಿಗಿ ‘ನಡುವೆ ಸುಳಿವ ಹೆಣ್ಣು’ ಎಂಬ ಆತ್ಮಕಥೆಯಾಗಿ ನಿರೂಪಿಸಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೆರೆದಿಡಬೇಕೋ ಮುಚ್ಚಿಡಬೇಕೋ ಎಂಬುದು ಬದುಕಿದವರ ಆಯ್ಕೆ, ಫಾರಂನದಲ್ಲ.

ಫೈಲು ಹಿಡಿದು ದೇಶನೂರಿನ ಬಸ್ಸು ಹತ್ತುವ ಹುಡುಗ ಹುಡುಗಿಯರೇ, ಪ್ರಬಂಧ ಮುಗಿದ ಮೇಲೆ ಇನ್ನೊಮ್ಮೆ ಅದೇ ಬಸ್ಸು ಹತ್ತಿ. ಬರೆದದ್ದನ್ನು ಆ ಕಟ್ಟೆಯ ಮೇಲೆ ಕೂತು ಓದಿ ಹೇಳಿ. ಅಜ್ಜಿ ಬೇಡವೆಂದ ಸಾಲನ್ನು ಅಲ್ಲೇ ಹೊಡೆದು ಹಾಕಿ.