ನಡುಗಡ್ಡೆಯಿಂದ ಮರಳಿದ ಮೇಲೆ ಬಂದ ಜ್ವರ

ನನ್ನ ಬಳಿ ಚಿಕಿತ್ಸೆಗೆ ಬರುವ ದಂಪತಿ ಕಳೆದ ನವೆಂಬರ್‌ನಲ್ಲಿ ಒಂದು ಶನಿವಾರ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿಗೆ ಹೋಗಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನೀರಿನ ನಡುವೆ ಉಳಿದ ಗುಡ್ಡದ ನೆತ್ತಿಗಳೇ ಅಲ್ಲಿನ ನಡುಗಡ್ಡೆಗಳು. ಅನುಮತಿ ಪಡೆದು, ತೆಪ್ಪದಲ್ಲಿ ದಾಟಿ, ಹಗಲೆಲ್ಲ ಗುಡ್ಡ ಸುತ್ತಿ, ರಾತ್ರಿ ಎರಡು ಮರಗಳ ನಡುವೆ ಹ್ಯಾಮಕ್ ಎಂಬ ಬಟ್ಟೆಯ ಜೋಲಿ ಕಟ್ಟಿ ಮಲಗಿದರು. ಭಾನುವಾರ ರಾತ್ರಿ ಮನೆ ಸೇರಿದಾಗ ಇಬ್ಬರೂ ಆರೋಗ್ಯವಾಗಿಯೇ ಇದ್ದರು.

ಹತ್ತನೆಯ ದಿನ ಹೆಂಡತಿಗೆ ಜ್ವರ ಬಂತು. 103 ಡಿಗ್ರಿ, ವಿಪರೀತ ತಲೆನೋವು, ಮೈಕೈ ನೋವು. ಮಲೇರಿಯಾ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಡೆಂಗಿಯೂ ಅಲ್ಲವೆಂದು ವರದಿ ಬಂತು. ಪ್ಲೇಟ್‌ಲೆಟ್ ಮಾತ್ರ ತೊಂಬತ್ತು ಸಾವಿರಕ್ಕೆ ಇಳಿದಿತ್ತು. ಯಾವುದೋ ವೈರಸ್ ಜ್ವರವಿರಬೇಕೆಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದೆ. ಪರ ಊರಿಗೆ ಹೋಗಿದ್ದಿರಾ ಎಂದು ನಾನು ಕೇಳಲಿಲ್ಲ. ಹತ್ತು ದಿನದ ಹಿಂದಿನ ಮಾತೆಂದು ಅವರೂ ಹೇಳಲಿಲ್ಲ. ತಪ್ಪು ನನ್ನದೇ.

ನಾಲ್ಕನೆಯ ದಿನ ಜ್ವರ ಇಳಿಯದೆ ಕೆಮ್ಮೂ ಸೇರಿಕೊಂಡಾಗ ಗಂಡ ಮಾತಿನ ನಡುವೆ ಪ್ರವಾಸದ ಸುದ್ದಿ ತೆಗೆದರು. ತಕ್ಷಣ ನರ್ಸ್ ಅವರನ್ನು ಕರೆದು ಆಕೆಯ ಮೈಯನ್ನು ಪೂರ್ತಿ ಪರೀಕ್ಷಿಸಿದೆ. ಚೂಡಿದಾರದ ಲಾಡಿ ಕಟ್ಟುವ ಜಾಗದಲ್ಲಿ, ಸೊಂಟದ ಹಿಂಭಾಗಕ್ಕೆ, ಬೀಡಿಯಿಂದ ಸುಟ್ಟಂಥ ಒಂದು ಕಪ್ಪು ಹಕ್ಕಳೆ. ನೋವಿಲ್ಲ, ತುರಿಕೆಯಿಲ್ಲ, ಅದು ಇರುವುದು ಆಕೆಗೇ ತಿಳಿದಿರಲಿಲ್ಲ. ಇದು ಸ್ಕ್ರಬ್ ಟೈಫಸ್. ನಂತರ ಬಂದ ರಕ್ತಪರೀಕ್ಷೆಯೂ ಅದನ್ನೇ ಹೇಳಿತು.

"ನಾವು ನೆಲದ ಮೇಲೆ ಮಲಗಲೇ ಇಲ್ಲವಲ್ಲ ಡಾಕ್ಟ್ರೇ, ಹುಳ ಎಲ್ಲಿಂದ ಬಂತು?" ಎಂದರು ಗಂಡ. ನ್ಯಾಯವಾದ ಪ್ರಶ್ನೆಯೇ. ಜೋಲಿ ರಾತ್ರಿಯ ಮಟ್ಟಿಗೆ ಕಾಪಾಡಿತ್ತು. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚಿದ್ದು ಹುಲ್ಲಿನ ಮೇಲೆ, ಒದ್ದೆ ಬಟ್ಟೆ ಹರವಿದ್ದು ಪೊದೆಯ ಮೇಲೆ, ರಾತ್ರಿ ಚೀಲ ಇಟ್ಟಿದ್ದು ಜೋಲಿಯ ಕೆಳಗೆ. ಈ ರೋಗಾಣುವನ್ನು ಹರಡುವುದು ಮೈಟ್ ಎಂಬ ನುಸಿಯ ಮರಿಗಳು. ಇವಕ್ಕೆ ಚಿಗರ್ ಎಂದು ಹೆಸರು. ಇಲಿ, ಹೆಗ್ಗಣಗಳು ಓಡಾಡುವ ಕುರುಚಲು ಜಾಗದಲ್ಲಿ, ಮಳೆಗಾಲದಲ್ಲೂ ಅದು ಮುಗಿದ ನಂತರದ ತಿಂಗಳುಗಳಲ್ಲೂ ಇವು ಹೆಚ್ಚು. ಬರಿಗಣ್ಣಿಗೆ ಕಾಣುವುದೇ ಕಷ್ಟ. ಹುಲ್ಲಿನಿಂದ ಮೈಗೆ ಹತ್ತಿ, ಬಟ್ಟೆ ಬಿಗಿಯಾದ ಕಡೆ, ಇಲ್ಲವೇ ಕಂಕುಳು, ತೊಡೆಸಂದು, ಸ್ತನಗಳ ಕೆಳಗೆ ಕಚ್ಚುತ್ತವೆ. ಆರರಿಂದ ಇಪ್ಪತ್ತೊಂದು ದಿನಗಳೊಳಗೆ ಜ್ವರ ಕಾಣಿಸುತ್ತದೆ. ಕಪ್ಪು ಹಕ್ಕಳೆ ಎಲ್ಲರಲ್ಲೂ ಇರುವುದಿಲ್ಲ. ಇಲ್ಲವೆಂದ ಮಾತ್ರಕ್ಕೆ ರೋಗವೂ ಇಲ್ಲ ಎನ್ನುವಂತಿಲ್ಲ.

ಈ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಆಕೆಗೆ ದಿನಕ್ಕೆರಡು ಬಾರಿ 100 ಮಿಲಿಗ್ರಾಂನಂತೆ ಏಳು ದಿನ ಕೊಟ್ಟೆ. ಎರಡನೆಯ ದಿನಕ್ಕೇ ಜ್ವರ ಬಿಟ್ಟಿತು. ಈ ಮಾತ್ರೆಯನ್ನು ತುಂಬಾ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಇರಬೇಕು. ಇಲ್ಲವಾದರೆ ಅನ್ನನಾಳ ಸುಡುತ್ತದೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಇದರ ಬದಲು ಅಜಿತ್ರೊಮೈಸಿನ್ ಕೊಡುತ್ತೇವೆ. ಜ್ವರವೆಂದೊಡನೆ ಅಂಗಡಿಯಿಂದ ತಂದು ನುಂಗುವ ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಇಲ್ಲಿ ನಿಷ್ಪ್ರಯೋಜಕ. ಅವನ್ನು ನುಂಗುತ್ತ ವಾರ ಕಳೆದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೆ ತೊಂದರೆಯಾಗಿ ಸಾವೂ ಬರಬಹುದು.

ಮಲೆನಾಡಿನ ಕಾಡಿಗೆ ಹೋಗುವವರು ಇನ್ನೊಂದು ಜ್ವರವನ್ನೂ ನೆನಪಿಡಬೇಕು. ಅದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರ ಪ್ರಾಣ ತೆಗೆಯಿತು. ಇದನ್ನು ಹರಡುವುದು ಉಣ್ಣೆ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಇದಕ್ಕೆ ನಿರ್ದಿಷ್ಟ ಔಷಧಿಯಿಲ್ಲ, ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. ಮಂಗ ಸತ್ತ ಸುದ್ದಿಯಿರುವ ಕಾಡಿಗಂತೂ ಆ ಋತುವಿನಲ್ಲಿ ಹೋಗಲೇಬೇಡಿ.

ಜೋಲಿಯ ಬಗ್ಗೆಯೂ ಒಂದು ಮಾತು. ಮೇಲೆ ಸೊಳ್ಳೆಪರದೆ ಹಾಕಿದರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ತೆಳು ಬಟ್ಟೆ ಬೆನ್ನಿಗೆ ಒತ್ತಿಕೊಂಡಿರುವ ಕಡೆ ಸೊಳ್ಳೆ ಕೆಳಗಿನಿಂದಲೇ ಚುಚ್ಚುತ್ತದೆ. ಪರದೆ ಜೋಲಿಯನ್ನು ಸುತ್ತಲೂ ಆವರಿಸಬೇಕು, ಇಲ್ಲವೇ ಒಳಗೆ ದಪ್ಪ ಹಾಸು ಬೇಕು. ಹಾಸಿದ್ದರೆ ಬೆನ್ನಿಗೆ ಚಳಿಯೂ ಹತ್ತುವುದಿಲ್ಲ.

ದಂಪತಿ ಫೆಬ್ರುವರಿಯಲ್ಲಿ ಮತ್ತೆ ಹೋದರು! ಈ ಸಲ ಕೂರಲು ತಾಡಪಾಲು, ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಒಳಗೆ ಸೇರಿಸಿದ ಕಾಲುಚೀಲ, ಮೈಗೆ ಹಚ್ಚಲು ಕೀಟ ನಿವಾರಕ ತೈಲ ಎಲ್ಲ ಇತ್ತು. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗಳನ್ನೂ ಬಿಸಿನೀರಿಗೆ ಹಾಕಿದರಂತೆ. ಆದರೂ ಗಂಡನ ಮೊಣಕಾಲಿನ ಹಿಂದೆ ಒಂದು ಉಣ್ಣೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಹಾಕಲೇ, ಬೆಂಕಿಕಡ್ಡಿ ತಾಗಿಸಲೇ ಎಂದು ಫೋನ್ ಮಾಡಿದರು. ಎರಡೂ ಬೇಡ, ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ, ನಿಧಾನವಾಗಿ ಎಳೆದು ತೆಗೆಯಿರಿ, ಜಾಗವನ್ನು ಸೋಪಿನಿಂದ ತೊಳೆಯಿರಿ, ಮೂರು ವಾರ ಜ್ವರ ಬರುತ್ತದೆಯೇ ಎಂದು ಗಮನಿಸಿ ಎಂದೆ. ಬರಲಿಲ್ಲ.