ಔಷಧಿಗೆ ಮೊದಲು ಬೆಳಕು

ನಾಯಿ ಕಿವಿ ಕೊಡವುತ್ತಿದ್ದರೆ ಮೆಡಿಕಲ್ ಶಾಪಿನ ಡ್ರಾಪ್ಸ್, ಮೇಕೆಯ ಕಣ್ಣಿಗೆ ಹೂ ಬಿದ್ದರೆ ಮನೆಯಲ್ಲಿ ಉಳಿದಿದ್ದ ಮುಲಾಮು. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಅಡಿಕೆ ಸೀಮೆಯಲ್ಲಾಗಲಿ, ಜಗಳೂರಿನ ಕುರಿಹಟ್ಟಿಗಳಲ್ಲಾಗಲಿ ಚಿಕಿತ್ಸೆ ಹೀಗೆ ಶುರುವಾಗುವುದುಂಟು. ಹಳ್ಳಿಯ ಪಶು ಆಸ್ಪತ್ರೆಗೆ ಕಿವಿ ನೋಡುವ ದೀಪದ ಓಟೋಸ್ಕೋಪ್, ಕಣ್ಣು ನೋಡುವ ಆಫ್ತಾಲ್ಮೋಸ್ಕೋಪ್ ಬೇಕೆಂದರೆ ಅದು ಪಟ್ಟಣದ ಸಾಕುನಾಯಿಗಳ ಷೋಕಿ ಅನ್ನಿಸಬಹುದು. ಆದರೆ ಈ ಉಪಕರಣಗಳ ದೊಡ್ಡ ಉಪಯೋಗ ಯಾವ ಔಷಧಿ ಕೊಡಬೇಕು ಎನ್ನುವುದಕ್ಕಿಂತ ಯಾವುದನ್ನು ಕೊಡಲೇಬಾರದು ಎಂದು ತೋರಿಸುವುದರಲ್ಲಿದೆ.

ನಾಯಿಯ ಕಿವಿನಾಳ ಮೊದಲು ಕೆಳಕ್ಕಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಕಿವಿತಮಟೆ ಇರುವುದು ಆ ತಿರುವಿನ ಆಚೆ. ಕಿವಿಯನ್ನು ಮೆಲ್ಲಗೆ ಎಳೆದು ನಾಳವನ್ನು ನೆಟ್ಟಗೆ ಮಾಡಿ, ದೀಪದ ಕೊಳವೆ ಇಳಿಸಿದರಷ್ಟೇ ಅದು ಕಾಣುತ್ತದೆ. ಕಾಫಿಪುಡಿಯಂಥ ಕಪ್ಪು ಕೊಳೆಯ ನಡುವೆ ಬಿಳಿ ಚುಕ್ಕೆಗಳು ಹರಿದಾಡಿದರೆ ಅದು ನುಸಿಯ ಕಾಟ. ಹುಲ್ಲಿನ ಊಬು ಸಿಕ್ಕಿಕೊಂಡಿದ್ದರೆ ಯಾವ ಡ್ರಾಪ್ಸೂ ಅದನ್ನು ಕರಗಿಸದು, ಚಿಮಟವೇ ಬೇಕು. ತಮಟೆ ಹರಿದಿದ್ದರಂತೂ ಜೆಂಟಾಮೈಸಿನ್‌ನಂಥ ಔಷಧಿ ಒಳಗಿವಿ ಸೇರಿ ಕಿವುಡು ತರಬಹುದು. ಮೂರಕ್ಕೂ ಹೊರಗಿನಿಂದ ಕಾಣುವ ಲಕ್ಷಣ ಹೆಚ್ಚುಕಡಿಮೆ ಒಂದೇ: ತಲೆ ಕೊಡವುವುದು, ಕೆರೆದುಕೊಳ್ಳುವುದು.

ಕಣ್ಣಿನದೂ ಇದೇ ಕತೆ. ಮುಳ್ಳುಕಂಟಿ ಮೇಯುವ ಮೇಕೆಯ ಕಣ್ಣಿಗೆ ಬಿದ್ದ ಗೀರು ಬರಿಗಣ್ಣಿಗೆ ಕಾಣದೆ ಹೋಗಬಹುದು. ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕು ಹಾಯಿಸಿದರೆ ಹುಣ್ಣಿರುವಷ್ಟು ಜಾಗ ಹಸಿರಾಗಿ ಹೊಳೆಯುತ್ತದೆ. ಅದಕ್ಕೆ ಸ್ಟೀರಾಯ್ಡ್ ಇರುವ ಮುಲಾಮು ಹಚ್ಚಿದರೆ ಹುಣ್ಣು ಆಳಕ್ಕಿಳಿದು ಕಣ್ಣೇ ಹೋಗಬಹುದು. ಮೊಬೈಲ್ ಟಾರ್ಚ್ ಸಾಲದೇ ಎಂಬ ಪ್ರಶ್ನೆ ಸಹಜ. ಗೊರಸಿನ ಸಂದಿ ನೋಡಲು ಅದು ಧಾರಾಳ ಸಾಕು. ಕಿರಿದಾದ ನಾಳದಲ್ಲಿ ಮಾತ್ರ ಬೆಳಕು ಒಂದು ಕಡೆಯಿಂದ, ನೋಟ ಇನ್ನೊಂದು ಕಡೆಯಿಂದ ಹೋದರೆ ನಾಳದ ಗೋಡೆಯಷ್ಟೇ ಕಾಣುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಜಗತ್ತಿಗೆ ತಿಳಿಸಿದ ಆಫ್ತಾಲ್ಮೋಸ್ಕೋಪಿನ ಗುಟ್ಟೇ ಬೆಳಕನ್ನೂ ನೋಟವನ್ನೂ ಒಂದೇ ದಾರಿಯಲ್ಲಿ ಸಾಗಿಸುವುದು.

ಒಂದು ಮೇಕೆಗಾಗಿ ಇಷ್ಟೆಲ್ಲ ಖರ್ಚೇ ಎಂಬುದು ಇನ್ನೊಂದು ಆಕ್ಷೇಪ. ಉಪಕರಣ ಒಂದು ಮೇಕೆಗಲ್ಲ, ಆಸ್ಪತ್ರೆಗೆ ಬರುವ ಎಲ್ಲಕ್ಕೂ. ಪ್ರತಿ ಸಲ ಕೊಳವೆ ತೊಳೆದು ಸೋಂಕು ಕಳೆದಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನದಲ್ಲೂ ಇಟ್ಟುಕೊಳ್ಳುವಷ್ಟು ಚಿಕ್ಕದು. ಹಾಗೆಂದು ದೀಪ ಎಲ್ಲದಕ್ಕೂ ಒದಗುವುದಿಲ್ಲ. ರಕ್ತ ಹೀರುವ ಜಠರದ ಹುಳುವಿನಿಂದ ಕುರಿ ಬಿಳಿಚಿಕೊಂಡಿದೆಯೇ ಎಂದು ತಿಳಿಯಲು ಕೆಳರೆಪ್ಪೆಯ ಒಳಬಣ್ಣವನ್ನು ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಐದು ಬಣ್ಣದ ಫಮಾಚಾ ಕಾರ್ಡಿನೊಂದಿಗೆ ಹೋಲಿಸುತ್ತಾರೆ. ಅದಕ್ಕೆ ಹಗಲು ಬೆಳಕೇ ಬೇಕು. ದವಡೆ ಜೋತು ಜೊಲ್ಲು ಸುರಿಸುವ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ದೀಪ ಹಿಡಿದು ಬಾಯಿಗೆ ಕೈ ಹಾಕುವುದು ಅಪಾಯ. ಅದು ರೇಬಿಸ್ ಇರಬಹುದು. ಎಲ್ಲಿ ದೀಪ ಬೇಕು, ಎಲ್ಲಿ ಬೇಡ ಎಂದು ಬಲ್ಲ ಪಶುವೈದ್ಯರ ಕೈಗೇ ಈ ಸಾಧನ ಸೇರಬೇಕು. ಆಸ್ಪತ್ರೆಯ ಬೇಡಿಕೆ ಪಟ್ಟಿಯಲ್ಲಿ ಡ್ರಾಪ್ಸಿಗಿಂತ ಮೇಲಿನ ಸಾಲು ಇದಕ್ಕೆ ಸಿಕ್ಕರೆ, ಕೆಳಗಿನ ಸಾಲುಗಳ ಖರ್ಚು ತಾನಾಗಿಯೇ ಒಂದಿಷ್ಟು ಇಳಿದೀತು.