ಖಿನ್ನತೆಯ ಗುಳಿಗೆ: ಬಿಡಬೇಕೆ, ಬದಲಿಸಬೇಕೆ?

"ಈಗ ಆರಾಮ ಐತ್ರಿ, ಇನ್ನ ಗುಳಿಗೆ ಯಾಕ್ರಿ?" ಎಂದು ಚೇತರಿಸಿಕೊಂಡ ರೋಗಿಗಳು ಕೇಳುತ್ತಾರೆ. "ವಾರ ನುಂಗಿದ್ರೂ ಗುಣ ಇಲ್ರಿ, ಬ್ಯಾರೆ ಕೊಡ್ರಿ" ಎನ್ನುವವರೂ ಇದ್ದಾರೆ. ಎರಡೂ ಸಹಜವಾದ ಮಾತುಗಳೇ. ಆದರೆ ಮನೆಯಲ್ಲೇ ತೀರ್ಮಾನಿಸಿ ಗುಳಿಗೆ ಬಿಟ್ಟರೆ ತೊಂದರೆ ತಪ್ಪಿದ್ದಲ್ಲ.

ಗುಣ ಕಾಣದಿದ್ದರೆ

ಈ ಗುಳಿಗೆಗಳು ತಲೆನೋವಿನ ಗುಳಿಗೆಯಂತೆ ಕೂಡಲೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಪೂರ್ಣ ಪರಿಣಾಮಕ್ಕೆ ಇನ್ನೂ ಹೆಚ್ಚು ಸಮಯ ಹಿಡಿಯಬಹುದು. ಆರಂಭದಲ್ಲಿ ಕಾಣುವ ವಾಕರಿಕೆ, ತಲೆನೋವು ಹೆಚ್ಚಿನವರಲ್ಲಿ ಒಂದೆರಡು ವಾರಗಳಲ್ಲಿ ತಗ್ಗುತ್ತವೆ.

ನಾಲ್ಕು ವಾರ ತಪ್ಪದೆ ನುಂಗಿದರೂ ಸ್ವಲ್ಪವೂ ಗುಣ ಕಾಣದಿದ್ದರೆ, ಅಥವಾ ತೂಕ ಏರಿಕೆ, ಲೈಂಗಿಕ ತೊಂದರೆ ಇದ್ದರೆ, ಸಂಕೋಚಪಡದೆ ವೈದ್ಯರಿಗೆ ಹೇಳಿ. ಅವರು ಪ್ರಮಾಣ ಬದಲಿಸಬಹುದು ಅಥವಾ ಬೇರೆ ಗುಳಿಗೆ ಕೊಡಬಹುದು. ಕೆಲವು ಗುಳಿಗೆಗಳನ್ನು ಬದಲಿಸುವಾಗ ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸಬೇಕು. ಕೆಲವಕ್ಕೆ ನಡುವೆ ಬಿಡುವು ಬೇಕು. ಫ್ಲೂಒಕ್ಸೆಟಿನ್‌ನಂಥ ಔಷಧಿ ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿ ಉಳಿದಿರುತ್ತದೆ. ಆದ್ದರಿಂದ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಬೇರೆ ಗುಳಿಗೆ ತಂದು ನುಂಗಬೇಡಿ.

ಆರಾಮವಾಗಿದ್ದರೆ

ಮೊದಲ ಸಲ ಖಿನ್ನತೆ ಬಂದವರು ಗುಣವಾದ ಮೇಲೂ ಸುಮಾರು 6ರಿಂದ 9 ತಿಂಗಳು ಗುಳಿಗೆ ಮುಂದುವರಿಸಬೇಕು. ಪದೇ ಪದೇ ಬಂದಿದ್ದರೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಬೇಕಾಗಬಹುದು. ಬೇಗ ಬಿಟ್ಟರೆ ಕಾಯಿಲೆ ಮರಳುವ ಸಂಭವ ಹೆಚ್ಚು. ಸಾವು, ಸಾಲ, ಪರೀಕ್ಷೆಯಂಥ ಕಷ್ಟದ ಸಮಯ ಗುಳಿಗೆ ಬಿಡಲು ತಕ್ಕ ಸಮಯವಲ್ಲ.

ಬಿಡುವ ಕ್ರಮ

ವೈದ್ಯರು ಪ್ರಮಾಣವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಹಂತ ಹಂತವಾಗಿ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟರೆ ಕೆಲವೇ ದಿನಗಳಲ್ಲಿ ತಲೆಸುತ್ತು, ನಿದ್ರೆಗೇಡು, ಸಿಡಿಮಿಡಿ, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಗುಳಿಗೆಗಳಲ್ಲಿ ಇದು ಹೆಚ್ಚು. ಇದು ಚಟವಲ್ಲ; ಔಷಧಿಗೆ ಹೊಂದಿಕೊಂಡ ದೇಹ ಅದಿಲ್ಲದೆ ಹೊಂದಿಕೊಳ್ಳಲು ಪಡುವ ತ್ರಾಸು. ಕಾಯಿಲೆ ಮರಳುವುದು ಸಾಮಾನ್ಯವಾಗಿ ನಿಧಾನವಾಗಿ: ವಾರಗಳು ಕಳೆದ ಮೇಲೆ ಬೇಸರ, ನಿರಾಸಕ್ತಿ ಮತ್ತೆ ಕಾಣಿಸುತ್ತವೆ. ಎರಡರಲ್ಲಿ ಯಾವುದೇ ಆದರೂ ವೈದ್ಯರನ್ನು ಕಾಣಿರಿ.

ಮನೆಯವರಿಗೆ

ಹೆಣ್ಣು ನೋಡಲು ಬರುತ್ತಾರೆಂದು ಮಗಳ ಗುಳಿಗೆ ಬಿಡಿಸಬೇಡಿ. ಸೊಸೆ ಗರ್ಭಿಣಿಯಾದರೆ ನೀವಾಗಿಯೇ ನಿಲ್ಲಿಸದೆ ಬೇಗನೆ ವೈದ್ಯರಿಗೆ ತಿಳಿಸಿ. ಉಪವಾಸದ ದಿನವೂ ಗುಳಿಗೆ ತಪ್ಪಿಸುವಂತಿಲ್ಲ. ಹಣದ ಅಡಚಣೆ ಇದ್ದರೆ ಅದನ್ನೂ ಹೇಳಿ. ಕಡಿಮೆ ಬೆಲೆಯ ಗುಳಿಗೆಗಳೂ ಇವೆ.

ಗುಳಿಗೆ ಆರಂಭಿಸಿದಾಗ, ಬದಲಿಸಿದಾಗ, ಇಳಿಸಿದಾಗ ರೋಗಿಯ ಮೇಲೆ ಗಮನವಿರಲಿ; ಹರೆಯದವರಲ್ಲಿ ಇನ್ನೂ ಹೆಚ್ಚು. ನಿದ್ರೆಯಿಲ್ಲದೆ ಅತಿಯಾದ ಮಾತು, ಅತಿಯಾದ ಹುರುಪು ಕಂಡರೆ, ಅಥವಾ ಸಾಯುವ ಮಾತು ಬಂದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬೇಡಿ. ಅಂದೇ ಆಸ್ಪತ್ರೆಗೆ ಕರೆತನ್ನಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಗುಳಿಗೆ, ಕ್ರಿಮಿನಾಶಕ ಕೈಗೆ ಸಿಗದಂತೆ ಇಡಿ. ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಬಹುದು.

ಬರುವಾಗ ಚೀಟಿಯನ್ನೂ ಉಳಿದ ಗುಳಿಗೆಗಳನ್ನೂ ತನ್ನಿ. ನಡುವೆ ಗುಳಿಗೆ ಬಿಟ್ಟಿದ್ದರೆ ಮುಚ್ಚಿಡದೆ ಹೇಳಿ. ಯಾರೂ ಬೈಯುವುದಿಲ್ಲ, ನಿಜ ತಿಳಿದರೆ ಮಾತ್ರ ಸರಿಯಾದ ಚಿಕಿತ್ಸೆ ಸಾಧ್ಯ.